ಬನ್ನಿ ಮುಟ್ಟದ ಗೇಟಿನ ಕಾಕಾ

ನನ್ನ ಊಟದ ಡಬ್ಬಿಯ ಮುಚ್ಚಳವನ್ನು ನನ್ನ ಗಂಡನಿಗಿಂತ ಹೆಚ್ಚು ಸಲ ತೆಗೆಸಿ ನೋಡಿದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಸುದ್ದಿ ತಂದವರು, "ಪಾಪ, ಭಾಳ ಛಲೋ ಮನಶ್ಯಾ ಇದ್ರು" ಎಂದರು. ನನಗೆ ತಕ್ಷಣ ಸಂಶಯ ಬಂತು. ಬದುಕಿದ್ದಾಗ ಅವರನ್ನು ಛಲೋ ಅಂದವರನ್ನು ನಾನು ಕಂಡಿಲ್ಲ. ಸತ್ತ ಮೇಲೆ ಎಲ್ಲರಿಗೂ ಒಮ್ಮೆಲೇ ಹೇಗೆ ಗೊತ್ತಾಯಿತು? ಹೀಗೆ ಕೇಳುವ ಚಟವನ್ನು ನನಗೆ ಹತ್ತಿಸಿದವರೂ ಅವರೇ.

ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಮಿಲ್ಲಿತ್ತು. ನಮ್ಮ ಕಡೆ ಮಿಲ್ ಅಂದರೆ ಜನ ನೂಲು, ಮಗ್ಗ ಅಂದುಕೊಳ್ಳುತ್ತಾರೆ. ನಮ್ಮದು ಉಕ್ಕಿನದು. ಸಂಸ್ಥಾನದ ಕಾಲದಲ್ಲಿ ಶುರುವಾದದ್ದಂತೆ. ಮೊದಮೊದಲು ಕಬ್ಬಿನ ಗಾಣದ ಉರುಳೆ, ಬಂಡಿ ಗಾಲಿಯ ಪಟ್ಟಿ ಮಾಡುತ್ತಿದ್ದರಂತೆ. ನಾನು ಟೈಪಿಸ್ಟಾಗಿ ಸೇರುವ ಹೊತ್ತಿಗೆ ಹಳೆಯ ಕಬ್ಬಿಣ ಕರಗಿಸಿ ಮನೆ ಕಟ್ಟುವ ಸಳಿ ಎಳೆಯುತ್ತಿದ್ದರು, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿ ಕಳಿಸುತ್ತಿದ್ದರು. ತೇರದಾಳ, ಸಾವಳಗಿ, ಅತ್ತ ಬೀಳಗಿಯಿಂದಲೂ ಕೆಲಸಕ್ಕೆ ಬರುವವರಿದ್ದರು. ಕಬ್ಬಿಣ ಕರಗಿಸುವ ಭಟ್ಟಿಯ ಹೊಗೆಗೆ ಸುತ್ತಲಿನ ಮಾಳಿಗೆಗಳ ಮೇಲೆ ಒಣಗಿಸಿದ ಹಪ್ಪಳ, ಸಂಡಿಗೆ ಕಪ್ಪಾಗುತ್ತಿದ್ದವು. ಬೈಯುತ್ತಲೇ ತಿನ್ನುತ್ತಿದ್ದರು.

ಸಂಜೆ ಕೆಲಸ ಬಿಟ್ಟು ಹೊರಗೆ ಹೋಗುವಾಗ ಪ್ರತಿಯೊಬ್ಬರೂ ಗೇಟಿನಲ್ಲಿ ಸಾಲಾಗಿ ನಿಂತು ಮೈ ತಡವಿಸಿಕೊಂಡು ಹೋಗಬೇಕು. ಇದಕ್ಕೆ ಝಡತಿ ಅನ್ನುತ್ತಿದ್ದರು. ಹಿತ್ತಾಳೆ, ತಾಮ್ರ ಏನಾದರೂ ಒಯ್ಯುತ್ತಾರೆಂದು ಮಾಲಕರಿಗೆ ಅಂಜಿಕೆ. ಆ ಝಡತಿಯ ಕೆಲಸ ಕಾಕಾ ಅವರದು. ಅವರಿಗೆ ಹೆಸರು ಇರಲಿಲ್ಲವೆಂದಲ್ಲ, ಯಾರೂ ಕರೆಯುತ್ತಿರಲಿಲ್ಲ. ಗೇಟಿನ ಕಾಕಾ ಅಂದರೆ ಮುಗಿಯಿತು. ಉದ್ದನೆಯ ಬಡಕಲು ದೇಹ, ಬಿಳಿ ಟೊಪ್ಪಿಗೆ, ಖಾಕಿ ಕೋಟು, ಕೋಟಿನ ಕಿಸೆಯಲ್ಲಿ ಸೈಕಲ್ ಗಾಲಿಯದೊಂದು ಕಡ್ಡಿ. ಗಂಡಸರ ಹೆಗಲಿನಿಂದ ಶುರುವಾಗಿ ಕಾಲಿನ ಗಂಟಿನವರೆಗೆ ಅವರ ಕೈ ಇಳಿಯುತ್ತಿತ್ತು. ಡಬ್ಬಿಯಲ್ಲಿ ಪಲ್ಯ ಉಳಿದಿದ್ದರೆ ಕಡ್ಡಿ ಚುಚ್ಚಿ ನೋಡುತ್ತಿದ್ದರು. ಆಮೇಲೆ ಎರಡೇ ಮಾತು: "ಏನಿಲ್ಲ. ನಡಿ." ದೊಡ್ಡವರಿಗಾದರೆ, "ಏನಿಲ್ಲ. ನಡೀರಿ."

ಆಫೀಸಿನ ಹೆಣ್ಣುಮಗಳು ನಾನೊಬ್ಬಳೇ. ನನ್ನ ಮೈ ತಡವುವಂತಿರಲಿಲ್ಲ. ಆ ಸಿಟ್ಟನ್ನೆಲ್ಲ ನನ್ನ ಡಬ್ಬಿಯ ಮೇಲೆ ತೀರಿಸಿಕೊಳ್ಳುತ್ತಿದ್ದರೇನೋ. ಸೇರಿದ ಹೊಸದರಲ್ಲಿ ಒಂದು ದಿನ ತಡೆಯಲಾರದೆ ಕೇಳಿದೆ:

"ಕಾಕಾ, ನಾ ಟೈಪ್ ಮಾಡಾಕಿ. ಡಬ್ಬಿಯಾಗ ಭಟ್ಟಿ ಒಯ್ತೇನೇನ್ರಿ? ನನ್ನ ಮ್ಯಾಲೂ ಸಂಶೆ ಏನು?"

"ನಿಮ್ಮ ಮ್ಯಾಲೆ ಸಂಶೆ ಇಲ್ಲರೀ ಬಾಯಾರ," ಎಂದರು ಮುಖ ಎತ್ತದೆ. "ಡಬ್ಬಿ ಮ್ಯಾಲೆ ಐತಿ. ತಗೀರಿ."

ಮರುದಿನ ನಾನು ಡಬ್ಬಿಯ ತುಂಬ ಕೆಂಪು ಖಾರದ ಪುಡಿ ತುಂಬಿಕೊಂಡು ಹೋದೆ. ಮುಚ್ಚಳ ತೆಗೆದದ್ದೇ ತಡ, ಕಾಕಾ ಸೀನಿದರು, ಕಣ್ಣಲ್ಲಿ ನೀರು ಬಂತು, ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮನುಷ್ಯ ಸೀನುತ್ತಲೇ ಕಿಸೆಯಿಂದ ಕಡ್ಡಿ ತೆಗೆದು ಖಾರದ ತಳದವರೆಗೂ ಚುಚ್ಚಿ ನೋಡಿದರು. "ಏನಿಲ್ಲ. ನಡೀರಿ." ಸಿಟ್ಟೂ ಇಲ್ಲ, ನಗುವೂ ಇಲ್ಲ. ಅಂದಿನಿಂದ ನಾನು ಸುಮ್ಮನೆ ಡಬ್ಬಿ ತೆರೆದು ಹಿಡಿಯುತ್ತಿದ್ದೆ.

ಮಿಲ್ಲಿನ ಯಾರ ಕೈಯ ಚಹಾವನ್ನೂ ಅವರು ಕುಡಿಯುತ್ತಿರಲಿಲ್ಲ. ಯಾರ ಮದುವೆಗೂ ಹೋಗುತ್ತಿರಲಿಲ್ಲ. ಎಲ್ಲಕ್ಕಿಂತ ಜನರಿಗೆ ಸಿಟ್ಟು ಬರುತ್ತಿದ್ದುದು ದಸರೆಯಲ್ಲಿ. ನಮ್ಮ ಕಡೆ ದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ಕೋರ್ಟು ಹತ್ತಿದವರೂ ಅಂದು ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಕಾಕಾ ಮಾತ್ರ ಮಿಲ್ಲಿನವರ ಬನ್ನಿ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

"ಇವತ್ತ ಬಂಗಾರದಂಗ ಇರೂಣು ಅಂತ ಬನ್ನಿ ತಗೊಂಡ್ರ, ನಾಳಿ ಸಂಜಿಕ್ಕ ಅವನ ಕಿಸೇಕ್ಕ ಹ್ಯಾಂಗ ಕೈ ಹಾಕಲಿ?" ಎಂದು ನನ್ನನ್ನೇ ಕೇಳಿದ್ದರು. ಇಂಥ ಮನುಷ್ಯನ ಹೆಂಡತಿ ಹೇಗೆ ಬಾಳುತ್ತಾಳೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅವರಿಗೊಬ್ಬ ತಮ್ಮನಿದ್ದ. ಭಟ್ಟಿಯ ಕೆಲಸಕ್ಕೆ ಸೇರಿಸಿದವರೇ ಕಾಕಾ. ಒಂದು ಸಂಜೆ ಆ ತಮ್ಮನ ಧೋತರದ ಗಂಟಿನಲ್ಲಿ ಅವರ ಕೈ ನಿಂತಿತು. ಲಿಂಬೆಹಣ್ಣಿನಷ್ಟು ಹಿತ್ತಾಳೆಯ ತುಂಡು. ಸಾಲಿನಲ್ಲಿ ನಾಲ್ಕು ಮಂದಿ ಹಿಂದೆ ನಾನೂ ಇದ್ದೆ. "ಏನಿಲ್ಲ. ನಡಿ" ಅಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಕಾ ತುಂಡನ್ನು ತೆಗೆದು ಮೇಲೆ ಹಿಡಿದು ಹಾಜರಿ ಬರೆಯುವ ಟೈಮ್ ಆಫೀಸಿನವರನ್ನು ಕೂಗಿದರು. ತಮ್ಮನ ಮುಖ ಬಿಳಿಚಿಕೊಂಡಿತು. ಆತ ಹೇಳಿದ್ದು ಇಷ್ಟೇ: "ಅಣ್ಣಾ, ಮನ್ಯಾಗ ಕೇಳಿದ್ರ ಕೊಡತಿದ್ನಲ್ಲ."

ತಮ್ಮನ ಕೆಲಸ ಹೋಯಿತು. ಆತ ಬನಹಟ್ಟಿಗೆ ಹೋಗಿ ಯಾರದೋ ಮಗ್ಗದಲ್ಲಿ ಕೂಲಿಗೆ ನಿಂತ. ಅಣ್ಣನ ಕೂಡ ಮಾತು ಬಿಟ್ಟ, ಮನೆಗಳ ನಡುವೆ ಹೋಗುಬರುವುದು ನಿಂತಿತು. ನಾನು ಒಮ್ಮೆ ಕಾಕಾ ಅವರಿಗೆ ನೇರವಾಗಿಯೇ ಕೇಳಿದೆ, ನಿದ್ದೆ ಬರುತ್ತದೆಯೇ ಎಂದು. "ಬರೂದಿಲ್ಲ," ಎಂದರು. ಆಮೇಲೆ ತಾವೇ, "ತಮ್ಮನ್ನ ಬಿಟ್ರ ಉಳದಾವರ್ನ ಯಾವ ಬಾಯಿಲೆ ಹಿಡೀಲಿ?" ಎಂದರು. ಅವರ ಮೇಲೆ ನನಗೆ ಗೌರವ ಬಂದಿತೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆಯಾಯಿತು.

ಒಂದು ಮಾತು ಬಿಟ್ಟೆ. ಝಡತಿ ನಡೆದು ಹೋಗುವವರಿಗೆ ಮಾತ್ರ. ಮಾಲಕರ ಕಾರು ಬಂದರೆ ಕಾಕಾ ಗೇಟಿನ ಎರಡೂ ಬಾಗಿಲು ತೆರೆದು, ಅಟೆನ್ಶನ್ ನಿಂತು, ಸೆಲ್ಯೂಟ್ ಹೊಡೆಯುತ್ತಿದ್ದರು. ಅದು ಮೊದಲಿನಿಂದ ಬಂದ ರೂಢಿ. ಅದರಲ್ಲಿ ವಿಚಾರ ಮಾಡುವಂಥದ್ದೇನೋ ಇದೆ ಎಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಮಿಲ್ ಬಿದ್ದದ್ದು ನನಗೆ ಗೇಟಿನ ಸಾಲಿನಲ್ಲಿ ಕಂಡಿತು. ಹೊರಗಿನಿಂದ ಅಗ್ಗದ ಸಳಿ ಲಾರಿಗಟ್ಟಲೆ ಬರತೊಡಗಿತು, ಸಕ್ಕರೆ ಕಾರ್ಖಾನೆಯವರು ಬೇರೆ ಕಡೆ ಆರ್ಡರ್ ಕೊಟ್ಟರು, ಹಳೆಯ ಭಟ್ಟಿಗೆ ಕರೆಂಟಿನ ಖರ್ಚು ಏರಿತು. ಒಂದು ಶಿಫ್ಟ್ ನಿಂತಿತು, ಆಮೇಲೆ ಇನ್ನೊಂದು. ಸಂಜೆಯ ಸಾಲು ಗಿಡ್ಡವಾಗುತ್ತ ಬಂತು. ಸಾಲು ಗಿಡ್ಡವಾದಷ್ಟೂ ಕಾಕಾ ಒಬ್ಬೊಬ್ಬರನ್ನು ಹೆಚ್ಚು ಹೊತ್ತು ತಡವತೊಡಗಿದರು. ಒಂದು ದಿನ ಭಟ್ಟಿ ಆರಿತು. ನಾವೆಲ್ಲ ಮನೆಗೆ ಹೋದೆವು, ಕಾಕಾ ಕಾವಲಿಗೆ ಉಳಿದರು.

ಆದರೂ ಆಸೆ ಸತ್ತಿರಲಿಲ್ಲ. ಕೊಲ್ಲಾಪುರ ಕಡೆಯ ಒಬ್ಬರು ಮಿಲ್ ಕೊಂಡು ಮತ್ತೆ ಶುರುಮಾಡುತ್ತಾರೆಂದು ಸುದ್ದಿ ಬಂತು. ಅವರು ನೋಡಲು ಬಂದ ದಿನ ಕಾಗದಪತ್ರ ತೋರಿಸಲು ನನ್ನನ್ನೂ ಕರೆಸಿದ್ದರು. ಭಟ್ಟಿ ನೋಡಿ ತಲೆಯಾಡಿಸಿದರು. ರೋಲಿಂಗ್ ಮಷಿನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದವರು ಹಾಗೇ ನಿಂತರು. ಉರುಳೆಗಳನ್ನು ಹೊತ್ತು ನಿಲ್ಲುವ ಹಿತ್ತಾಳೆಯ ಬೇರಿಂಗುಗಳು, ಒಂದೊಂದೂ ಕುಂಬಳಕಾಯಿ ಗಾತ್ರದವು, ಒಂದೂ ಇರಲಿಲ್ಲ. ಅಷ್ಟು ಹಳೆಯ ಮಷಿನ್ನಿಗೆ ಅಂಥವು ಈಗ ಎಲ್ಲಿಯೂ ಸಿಗುವುದಿಲ್ಲ, ಮಾಡಿಸಿದರೆ ಖರ್ಚು ಪೂರೈಸುವುದಿಲ್ಲ ಎಂದು ಆ ಮನುಷ್ಯ ಅಂದೇ ತಿರುಗಿ ಹೋದರು. ಅವರ ಜೊತೆಗೆ ಮಿಲ್ಲೂ ಹೋಯಿತು.

ಒಳಗಿದ್ದದ್ದು ಮಾಯ, ಬಾಗಿಲಲ್ಲಿ ಇದ್ದವರು ಕಾಕಾ. ಇನ್ನೇನು ಬೇಕು? "ಬೇಲಿನ ಎದ್ದು ಹೊಲ ಮೇದೈತಿ" ಎಂದು ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ ಮಾತಾಯಿತು. ತಮ್ಮನನ್ನು ಹಿಡಿದುಕೊಟ್ಟದ್ದೂ ನಾಟಕವೇ, ತಾನು ನಿಷ್ಠಾವಂತ ಅಂತ ತೋರಿಸಿಕೊಂಡು ಮುಂದೆ ದೊಡ್ಡ ಕೈ ಹೊಡೆಯಲಿಕ್ಕೆ ಎಂದರು. ಪೊಲೀಸರು ಬಂದು ಕೇಳಿಕೊಂಡು ಹೋದರು, ಏನೂ ಹೊರಬೀಳಲಿಲ್ಲ. ಕಾಕಾ ಎಲ್ಲರಿಗೂ ಒಂದೇ ಮಾತು ಹೇಳಿದರು: "ನನ್ನ ಗೇಟಿನ್ಯಾಗಿಂದ ಹೋಗಿಲ್ಲ."

ನಾನೂ ಸಂಶಯ ಪಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ, ಅವರ ಕೈಯಲ್ಲೇ ಕಲಿತ ವಿದ್ಯೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಯಾರ ಕೈ ಹೆಗಲಿಗೆ ಹೋಗುತ್ತದೆಂದು ನಾನು ಎಲ್ಲರನ್ನೂ ನೋಡುತ್ತಿದ್ದೆ. ಕಾಕಾ ಮುಟ್ಟಿಕೊಳ್ಳಲಿಲ್ಲ. ಮ್ಯಾನೇಜರ್ ಸಾಹೇಬರು ಮಾತ್ರ ಬೇರಿಂಗಿನ ಮಾತು ಬಂದಾಗ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಧೂಳಿಗೂ ಇರಬಹುದು.

ಆಮೇಲೆ ಜಾಗವನ್ನೇ ಕೊಳ್ಳುವವರು ಬಂದರು. ಅವರಿಗೆ ಮಷಿನ್ ಬೇಕಿರಲಿಲ್ಲ. ಇಷ್ಟು ಬೇಗ ಗಿರಾಕಿ ಹೇಗೆ ಸಿಕ್ಕರೆಂದು ನಾನು ಕೇಳಿದೆ, ಯಾರೂ ಹೇಳಲಿಲ್ಲ. ಕಟ್ಟಲಿರುವ ಶಾಪಿಂಗ್ ಮಾಲಿನ ದೊಡ್ಡ ಬಣ್ಣದ ಚಿತ್ರವನ್ನು ಗೇಟಿಗೆ ತೂಗಹಾಕಿದರು. ಹಳೆಯ ಚಿಮಣಿ ಉಳಿಸುತ್ತೇವೆ, ನಿಮ್ಮ ಇತಿಹಾಸ ಉಳಿಸುತ್ತೇವೆ ಎಂದು ಒಬ್ಬ ಹುಡುಗಿ ಮೈಕಿನಲ್ಲಿ ಹೇಳಿದಳು. ಚಿತ್ರದಲ್ಲಿ ಕಾರಂಜಿ, ಗಿಡ, ಐಸ್‌ಕ್ರೀಮ್ ತಿನ್ನುವ ಮಕ್ಕಳು. ಕಾಕಾ ಚಿತ್ರದ ಹತ್ತಿರ ಹೋಗಿ, ಮೂಲೆಯಿಂದ ಮೂಲೆಗೆ ಬೆರಳಾಡಿಸಿ, "ಇದರಾಗ ಗೇಟ್ ಎಲ್ಲೈತ್ರೀ?" ಎಂದರು. ಹುಡುಗಿ ನಕ್ಕಳು. "ಓಪನ್ ಪ್ಲಾನ್ ಅಂಕಲ್."

"ಹೊರಗ ಹೋಗೂ ದಾರಿನ ತೋರಿಸಿಲ್ಲ," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಏನ ಹೊರಗ ಹೋಗತೈತಿ ಯಾರಿಗೂ ಕಾಣಬಾರದಲ್ಲ, ಅದಕ್ಕ."

ಈಗ ಅಲ್ಲಿ ಮಾಲ್ ಎದ್ದಿದೆ. ಚಿಮಣಿಗೆ ಬಣ್ಣದ ದೀಪ ಸುತ್ತಿದ್ದಾರೆ, ಭಟ್ಟಿಯ ಶೆಡ್ಡಿನಲ್ಲಿ ಹೋಟೆಲ್ಲಿದೆ, ಗೋಡೆಯ ಮೇಲೆ ಕೆಲಸಗಾರರ ದೊಡ್ಡ ಫೋಟೋಗಳಿವೆ. ಅವುಗಳಲ್ಲಿ ನನ್ನ ಗುರುತಿನ ಒಂದು ಮುಖವೂ ಇಲ್ಲ. ಯಾವ ಮಿಲ್ಲಿನ ಫೋಟೋಗಳೋ ದೇವರೇ ಬಲ್ಲ. ಕೊನೆಗೆ ಒಂದು ಬಾಗಿಲನ್ನಂತೂ ಇಟ್ಟಿದ್ದಾರೆ. ಕಾಕಾ ಅವರನ್ನು ಒಮ್ಮೆ ನಾನೇ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಗಾರ್ಡ್ ಕೈಮಷಿನ್ನನ್ನು ಅವರ ಮೈಮೇಲೆ ಆಡಿಸಿದ, ಅದು ಕೂಗಿತು. "ಹೋಗ್ರಿ ಅಜ್ಜಾರ," ಎಂದ.

ಕಾಕಾ ಕದಲಲಿಲ್ಲ. "ಕೂಗೇತಿ. ನೋಡು."

"ಇರ್ಲಿ ಬಿಡ್ರಿ ಅಜ್ಜಾರ, ಹಿಂದ ಮಂದಿ ನಿಂತಾರ."

"ಕೂಗಿದ್ರೂ ನೋಡೂದಿಲ್ಲ ಅಂದ್ರ ನಿನ್ನ ಯಾಕ ನಿಲ್ಲಿಸ್ಯಾರ?" ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅವನ ಮೂಗಿನ ಹತ್ತಿರ ಹಿಡಿದರು. ಅವನು ನೋಡಿದಂತೆ ಮಾಡಿದ ಮೇಲೆಯೇ ಒಳಗೆ ಬಂದದ್ದು. ಒಳಗೂ ಬಹಳ ಹೊತ್ತು ನಿಲ್ಲಲಿಲ್ಲ. ನಾನು ಕೊಡಿಸಿದ ಚಹಾ ಕುಡಿದರು, ಅದೇ ದೊಡ್ಡ ಮಾತು.

ಆ ಚಹಾ ಕುಡಿಯುವಂತಾದದ್ದು ಹೇಗೆಂದು ಹೇಳಬೇಕು. ಅದು ಮಿಲ್ ಒಡೆಯುವ ಮುಂಚಿನ ದಸರೆಯಲ್ಲಿ ನಡೆದದ್ದು.

ನವಮಿಯ ದಿನ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಹಳೆಯ ಕೆಲಸಗಾರರಿಗೆ ಕೊನೆಯ ಸಲ ಒಳಗೆ ಬರಲು ಹೊಸಬರು ಒಪ್ಪಿದ್ದರು. ಮಷಿನ್ನುಗಳನ್ನು ಅಷ್ಟರಲ್ಲಿ ಕತ್ತರಿಸಿ ಹಳೆ ಕಬ್ಬಿಣ ಕೊಳ್ಳುವ ಮೋಡಕಾದವರಿಗೆ ಕೊಟ್ಟಾಗಿತ್ತು. ಬುನಾದಿಯ ಮೇಲೆ ಎದ್ದು ನಿಂತ ಬೋಲ್ಟುಗಳಿಗೇ ಕುಂಕುಮ ಹಚ್ಚಿ, ಕಾಯಿ ಒಡೆದು, ಚುರಮುರಿ ಹಂಚಿಕೊಂಡೆವು. ಗಂಡಸರು ಅತ್ತರು.

ಹೊರಗೆ ಹೋಗುವಾಗ ನೋಡಿದರೆ ಕಾಕಾ ತಮ್ಮ ಜಾಗದಲ್ಲಿ ಇರಲಿಲ್ಲ. ಚೀಲ, ಡಬ್ಬಿ ಹಿಡಿದುಕೊಂಡು ಸಾಲಿನೊಳಗೆ ನಿಂತಿದ್ದರು. ಸರದಿ ಬಂದಾಗ ಗೇಟಿನಲ್ಲಿ ನಿಂತು ಎರಡೂ ಕೈ ಮೇಲೆತ್ತಿದರು. "ಯಾರರೆ ಒಬ್ಬರು ಬರ್ರಿ. ನನ್ನ ಝಡತಿ ಮಾಡ್ರಿ."

"ಏ, ಬಿಡ್ರಿ ಕಾಕಾ," ಎಂದರು ಒಬ್ಬರು. "ನಿಮ್ಮ ಮ್ಯಾಲೆ ನಮಗ ವಿಶ್ವಾಸ ಐತಿ," ಎಂದರು ಇನ್ನೊಬ್ಬರು. ಬಸ್ಸಿನಲ್ಲಿ ಬೇಲಿ ಹೊಲ ಮೇದ ಮಾತು ಆಡಿದ ಬಾಯಿಗಳೇ ಅವು.

"ವಿಶ್ವಾಸ ನನಗ ಬ್ಯಾಡ," ಎಂದರು ಕಾಕಾ. "ಕೈ ಹಚ್ಚಿ ನೋಡ್ರಿ."

ಯಾರೂ ಮುಂದೆ ಬರಲಿಲ್ಲ. ಯಾವಾಗಲೋ ಹೋದ ಕುಂಬಳಕಾಯಿ ಅಂದಿನ ಚೀಲದಲ್ಲಿ ಸಿಗುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಆದರೆ ತಡವದೆ ಬಿಟ್ಟವನ ಮೇಲಿನ ಸಂಶಯ ಎಂದಿಗೂ ಹೋಗುವುದಿಲ್ಲ, ಅದು ಗೇಟಿನ ಮನುಷ್ಯನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು? ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದೆ. "ಡಬ್ಬಿ ತಗೀರಿ," ಎಂದೆ.

ಡಬ್ಬಿಯಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಯ. ಅವರ ಕಿಸೆಯ ಕಡ್ಡಿಯನ್ನೇ ಇಸಿದುಕೊಂಡು ಚುಚ್ಚಿ ನೋಡಿದೆ. ಚೀಲ ಕೊಡವಿದೆ. ಕೋಟಿನ ಕಿಸೆಗಳನ್ನು ಹೊರಗೆಳೆಸಿದೆ. ಒಬ್ಬ ಹೆಣ್ಣುಮಗಳು ಗಂಡಸಿನ ಝಡತಿ ಮಾಡುವುದನ್ನು ಇಡೀ ಮಿಲ್ ನೋಡುತ್ತಿತ್ತು, ಯಾರೂ ನಗಲಿಲ್ಲ. ಮುಗಿಯಿತೆಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಗೇಟಿನ ಹೊರಗಿನಿಂದ ಒಂದು ದನಿ ಬಂತು.

"ಟೊಪ್ಪಿಗಿ ಬಿಟ್ರಿ."

ಬೇವಿನ ಗಿಡದ ಕೆಳಗೆ ಅವರ ತಮ್ಮ ನಿಂತಿದ್ದ. ಮಿಲ್ ಒಡೆಯುತ್ತಾರೆಂದು ನೋಡಲು ಬಂದಿದ್ದನೇನೋ, ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಕಾಕಾ ಅತ್ತ ನೋಡಿದರು. ಆಮೇಲೆ ನನಗೆ, "ಖರೆ ಐತಿ. ಟೊಪ್ಪಿಗಿ ಬಿಟ್ಟಿದ್ರಿ ಬಾಯಾರ," ಎಂದು ತಾವೇ ತೆಗೆದು ಕೊಟ್ಟರು. ಟೊಪ್ಪಿಗೆಯ ಒಳಮಡಿಕೆಯನ್ನೆಲ್ಲ ಬಿಡಿಸಿ ನೋಡಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ಏನಿಲ್ಲ. ನಡೀರಿ."

ಕಾಕಾ ಟೊಪ್ಪಿಗೆ ಹಾಕಿಕೊಂಡರು. ಹೊರಗೆ ಹೋಗುವಷ್ಟರಲ್ಲಿ ತಮ್ಮ ಹೊರಟುಹೋಗಿದ್ದ.

ಮರುದಿನ ದಶಮಿ. ಹೊತ್ತು ಇಳಿಯುವಾಗ ಕಾಕಾ ನಮ್ಮ ಮನೆಯ ಮುಂದೆ ಬಂದು ನಿಂತರು. ಕೈಯಲ್ಲಿ ಬನ್ನಿ. ನನಗೆ ಕೊಟ್ಟರು, ನಾನು ಕೊಟ್ಟದ್ದನ್ನು ತೆಗೆದುಕೊಂಡರು, ನನ್ನ ಗಂಡ ಕೊಟ್ಟ ಚಹಾ ಕುಡಿದರು. "ಇನ್ನ ಮ್ಯಾಲೆ ನಾ ಯಾರ್ನೂ ತಡವೂದಿಲ್ಲ," ಎಂದರು. ಆಮೇಲೆ ಬನಹಟ್ಟಿಗೆ ತಮ್ಮನ ಮನೆಗೆ ಹೋಗಬೇಕು, ನೀವೂ ಬರಬೇಕು ಎಂದರು. ಒಬ್ಬರೇ ಹೋದರೆ ಬಾಗಿಲು ಹಾಕಿಕೊಂಡಾನು ಎಂಬ ಅಂಜಿಕೆ.

ಬಸ್ಸಿನಲ್ಲಿ ನಾನು ತಡೆದುಕೊಳ್ಳಲಿಲ್ಲ. "ಕಾಕಾ, ಖರೆ ಹೇಳ್ರಿ. ಬೇರಿಂಗ್ ಎಲ್ಲಿ ಹೋದ್ವು?"

ಕಿಟಕಿಯ ಹೊರಗೆ ಮಿಲ್ಲಿನ ಚಿಮಣಿ ದಾಟಿ ಹೋಯಿತು. "ನನ್ನ ಗೇಟಿನ್ಯಾಗಿಂದ ಹೋಗಿಲ್ಲ ಅಂತ ಎಲ್ಲಾರಿಗೂ ಹೇಳೇನಿ," ಎಂದರು. "ಸುಳ್ಳ. ಗೇಟಿನ್ಯಾಗಿಂದನ ಹೋಗ್ಯಾವು. ನಡಕೊಂಡು ಹೋಗಿಲ್ಲ, ಅಷ್ಟ."

"ಕಣ್ಣಿಲೆ ನೋಡಿದ್ರೇನು?"

"ನೋಡಿಲ್ಲ. ನೋಡಿದ್ರ ಸಂಶೆ ಯಾಕ ಅಂತಿದ್ದೆ? ಕೊಲ್ಲಾಪುರದಾವರು ಬರೂ ಮೊದಲಿನ ವಾರ ಮಾಲಕರ ಕಾರು ಬಂದು ಹೋಗೂವಾಗ ಹಿಂದಿನ ಗಾಲಿ ಭಾಳ ಕೆಳಗ ಕುಂತಿದ್ವು. ಹಿಂದಿನ ಸೀಟಿನ್ಯಾಗ ಯಾರೂ ಇರಲಿಲ್ಲ." ತಮ್ಮ ಬಲಗೈಯನ್ನು ತೊಡೆಯ ಮೇಲೆ ತಿರುಗಿಸಿ ನೋಡಿಕೊಂಡರು. "ಸೆಲ್ಯೂಟಿಗೆ ಎತ್ತಿದ ಕೈ ತಡವೂದಿಲ್ಲ ಬಾಯಾರ. ಲಿಂಬಿಹಣ್ಣ ಹಿಡದು ಕುಂಬಳಕಾಯಿ ಬಿಟ್ಟೆ."

ಇದು ನಿಜವೋ, ಒಬ್ಬ ಮುದುಕ ತನಗೆ ತಾನೇ ಕಟ್ಟಿಕೊಂಡ ಸಮಾಧಾನವೋ, ನನಗೆ ಇವತ್ತಿಗೂ ತಿಳಿಯದು. ಮಾಲಕರ ಮನೆಯವರು ಈಗ ಈ ಊರಲ್ಲಿಲ್ಲ, ಕೇಳುವವರೂ ಇಲ್ಲ. ನನ್ನ ಸಂಶಯ ಮಾತ್ರ ಕರಗಿಲ್ಲ.

ಬನಹಟ್ಟಿಯಲ್ಲಿ ಹಬ್ಬಕ್ಕೆ ಮಗ್ಗಗಳು ನಿಂತು ಓಣಿಯೆಲ್ಲ ಶಾಂತವಾಗಿತ್ತು. ಹೊಸಿಲ ಮೇಲೆ ತಮ್ಮ ಕುಳಿತಿದ್ದ. ನಮ್ಮನ್ನು ನೋಡಿ ಎದ್ದು ನಿಂತ, ಬಾಗಿಲಿಗೆ ಅಡ್ಡವಾಗಿ. ಕಾಕಾ ಅಂಗಳದಲ್ಲೇ ನಿಂತು ಬನ್ನಿ ಮುಂದೆ ಹಿಡಿದರು.

"ಅವತ್ತ ನಿನ್ನ ಬಿಡಬೇಕಿತ್ತು ಅನ್ನಾಕ ಬಂದಿಲ್ಲಪಾ," ಎಂದರು. "ಇನ್ನೊಬ್ಬನ್ನೂ ಹಿಡೀಬೇಕಿತ್ತು. ನನ್ನ ಕೈಲೆ ಆಗಲಿಲ್ಲ. ಅದನ್ನ ಹೇಳಾಕ ಬಂದೇನಿ."

ಆತ ಕೈ ಚಾಚಿ ಬನ್ನಿ ತೆಗೆದುಕೊಂಡ. ಎಲೆಯನ್ನು ಮೇಲೆ ಎತ್ತಿ ಹಿಡಿದು, ತಿರುವಿ, ಎರಡೂ ಮಗ್ಗಲು ನೋಡಿದ. ಅಣ್ಣನಂತೆಯೇ, ಅವಸರವಿಲ್ಲದೆ. ಅದನ್ನು ಕಿಸೆಗೆ ಹಾಕಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದ.

"ಏನಿಲ್ಲ," ಎಂದ. "ಒಳಗ ಬಾ ಅಣ್ಣಾ."